ಖಾಲಿ ಡಬ್ಬಿಯ ಎಣಿಕೆ

ಸೋಮವಾರ ಬೆಳಗ್ಗೆ ಒಂಬತ್ತು ಗಂಟೆ. ಖಾಲಿ ಡಬ್ಬಿಯ ಎಣಿಕೆ ಪ್ರತಿ ವಾರ ಬರುವುದರ ಕಾಲು ಭಾಗಕ್ಕೆ ಇಳಿದಿತ್ತು.

ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿರುವ ವಿಕಿರಣ ಮಾಪನ ಕೋಣೆಯ ಮುಖ್ಯಸ್ಥೆ ಪರದೆಯ ಮೇಲಿನ ಅಂಕಿಯನ್ನು ಎರಡು ಸಲ ಓದಿದಳು. ಐವತ್ತು ದಾಟಿದ ಅವಳನ್ನು ಸಂಸ್ಥೆಯಲ್ಲಿ ಎಲ್ಲರೂ ಎಣಿಕೆಯಮ್ಮ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ. ಯಂತ್ರ ಕೆಟ್ಟಿರಬೇಕು ಎಂದು ಅವಳಿಗೆ ಮೊದಲು ಅನಿಸಿತು. ವರ್ಷಗಟ್ಟಲೆ ಒಂದೇ ಸಮನೆ ಬರುತ್ತಿದ್ದ ಅಂಕಿ ಒಂದು ದಿನ ಬದಲಾದರೆ ಯಾರೂ ಹಳೆಯ ಅಂಕಿಯನ್ನು ಅನುಮಾನಿಸುವುದಿಲ್ಲ.

ಕಪಾಟಿನಿಂದ ತಪಾಸಣೆಯ ಬಿಲ್ಲೆಯನ್ನು ತೆಗೆದಳು. ಎಷ್ಟು ವಿಕಿರಣ ಸೂಸುತ್ತದೆ ಎಂಬುದು ಮೊದಲೇ ಗೊತ್ತಿರುವ, ಅಂಗಿಯ ಗುಂಡಿಯಷ್ಟು ಗಾತ್ರದ ವಸ್ತು ಅದು. ಸೀಸದ ಪೆಟ್ಟಿಗೆಯ ಭಾರದ ಮುಚ್ಚಳ ಸರಿಸಿ, ಬಿಲ್ಲೆಯನ್ನು ಒಳಗಿಟ್ಟು, ಮುಚ್ಚಿ, ಕಾದಳು. ಯಂತ್ರ ಹೇಳಬೇಕಾದ ಅಂಕಿಯನ್ನೇ ಹೇಳಿತು. ಕೆಟ್ಟಿರಲಿಲ್ಲ.

ಖಾಲಿ ಡಬ್ಬಿಯನ್ನು ಎಣಿಸುವುದು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ವಿಕಿರಣ ಇಲ್ಲದ ಜಾಗ ಭೂಮಿಯ ಮೇಲಿಲ್ಲ. ಗೋಡೆಯಲ್ಲಿದೆ, ಆಕಾಶದಿಂದ ಬರುತ್ತದೆ, ನಮ್ಮ ಮೈಯಲ್ಲೂ ಚೂರು ಇದೆ. ಒಳಗೆ ಏನೂ ಇಡದಿದ್ದರೂ ಯಂತ್ರ ಒಂದಿಷ್ಟು ಎಣಿಸುತ್ತದೆ. ತಕ್ಕಡಿಯಲ್ಲಿ ಪಾತ್ರೆಯ ತೂಕ ಕಳೆಯುವ ಹಾಗೆ, ಮಾದರಿ ತುಂಬಿದ ಡಬ್ಬಿಯ ಎಣಿಕೆಯಿಂದ ಖಾಲಿ ಡಬ್ಬಿಯ ಎಣಿಕೆಯನ್ನು ಕಳೆಯಬೇಕು. ಉಳಿದದ್ದು ಮಾದರಿಯದು. ಈ ಕೋಣೆಯಲ್ಲಿ ವಾರದ ದಿನಗಳು ಮಾದರಿಗೆ ಮೀಸಲು. ಯಂತ್ರ ಬಿಡುವಾಗುವುದು ಶುಕ್ರವಾರ ಸಂಜೆಗೆ. ಆಗ ಖಾಲಿ ಡಬ್ಬಿಯನ್ನು ಒಳಗಿಟ್ಟು ಮನೆಗೆ ಹೋಗುವುದು, ಸೋಮವಾರ ಬಂದು ಓದುವುದು. ಎಣಿಕೆಯಮ್ಮ ಕೆಲಸಕ್ಕೆ ಸೇರುವ ಮೊದಲಿನಿಂದಲೂ ಇದೇ ಪದ್ಧತಿ. ಅವಳಿಗೆ ಹಾಗೆ ಕಲಿಸಿದ್ದರು, ಅವಳು ಹಾಗೆ ನಡೆಸಿಕೊಂಡು ಬಂದಿದ್ದಳು.

ಹತ್ತು ಗಂಟೆಗೆ ಮೆಟ್ಟಿಲು ಹತ್ತಿ ಭೂವಿಜ್ಞಾನ ವಿಭಾಗಕ್ಕೆ ಹೋದಳು. ಅಲ್ಲಿನ ಹಿರಿಯ ವಿಜ್ಞಾನಿಗೆ ಎಲ್ಲರೂ ಕಲ್ಲಣ್ಣ ಎಂದು ಹೆಸರಿಟ್ಟಿದ್ದರು. ಅವನ ಕೋಣೆಯಲ್ಲಿ ಕುರ್ಚಿಗಿಂತ ಕಲ್ಲಿನ ಪೆಟ್ಟಿಗೆಗಳೇ ಹೆಚ್ಚು.

"ಏನಮ್ಮಾ, ಪಾತಾಳದಿಂದ ಮೇಲೆ ಬಂದ್ರಿ?" ಎಂದ. "ಶನಿವಾರ ನಾನು ಭಾಷಣ ಮಾಡೋವಾಗ ಮುಂದಿನ ಸಾಲಲ್ಲೇ ಕೂತು ನಿದ್ದೆ ಹೊಡೆದ್ರಲ್ಲ, ಕ್ಷಮೆ ಕೇಳೋಕಾ?"

"ನಿಮ್ಮ ಭಾಷಣಕ್ಕೆ ಎಚ್ಚರ ಇದ್ದವರು ಯಾರು ಅಂತ ಹೇಳಿ, ಅವರ ಹತ್ರಾನೇ ಕ್ಷಮೆ ಕೇಳ್ತೀನಿ."

ಶನಿವಾರ, ಭಾನುವಾರ ಸಂಸ್ಥೆಯ ನಾಲ್ಕು ವಿಭಾಗಗಳ ವಾರ್ಷಿಕ ಸಮ್ಮೇಳನ ನಡೆದಿತ್ತು: ಆರೋಗ್ಯ, ಕಡಲ ಜೀವಿ, ವಿಕಿರಣ ರಕ್ಷಣೆ, ಭೂವಿಜ್ಞಾನ. ಬೇರೆ ವರ್ಷ ಅದನ್ನು ಹೊರಗೆ ಬಾಡಿಗೆ ಸಭಾಂಗಣದಲ್ಲಿ ಮಾಡುತ್ತಿದ್ದರು. ಈ ಸಲ ಮೊದಲ ಬಾರಿಗೆ ಸಂಸ್ಥೆಯ ಕಟ್ಟಡದಲ್ಲೇ ಮಾಡಿದ್ದರು.

ಎಣಿಕೆಯಮ್ಮ ಅಂಕಿಯ ವಿಷಯ ಹೇಳಿದಳು. ಕಲ್ಲಣ್ಣ ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿದ.

"ಸಮ್ಮೇಳನ ಅಂತ ಎರಡೂ ದಿನ ಫ್ಯಾನ್ ಹಾಕಿದ್ರಲ್ಲ," ಎಂದ. "ದೊಡ್ಡ ಫ್ಯಾನು, ಇಡೀ ಕಟ್ಟಡದ ಗಾಳಿ ಎಳೆಯೋದು. ಬೇರೆ ವಾರ ಶುಕ್ರವಾರ ಸಂಜೆ ಆರಿಸಿ ಹೋಗ್ತಾರೆ. ಕರೆಂಟು ಉಳೀಲಿ ಅಂತ."

"ಆರಿಸ್ತಾರಾ?"

"ನಿಮಗೆ ಗೊತ್ತಿರಲಿಲ್ವಾ?"

ಅವಳಿಗೆ ಗೊತ್ತಿರಲಿಲ್ಲ. ಶುಕ್ರವಾರ ಫ್ಯಾನು ನಿಲ್ಲುವ ಮೊದಲೇ ಅವಳು ಹೊರಡುತ್ತಿದ್ದಳು. ಸೋಮವಾರ ಅವಳು ಬರುವ ಹೊತ್ತಿಗೆ ಅದು ಮತ್ತೆ ಓಡುತ್ತಿರುತ್ತಿತ್ತು.

"ಕಟ್ಟಡದ ಕೆಳಗೆ ಏನಿದೆ ಹೇಳಿ," ಕಲ್ಲಣ್ಣ ಮುಂದುವರಿಸಿದ. "ಗ್ರಾನೈಟ್. ಅದರಲ್ಲಿ ಒಂದು ಚಿಟಿಕೆ ಯುರೇನಿಯಂ ಇದ್ದೇ ಇರುತ್ತೆ. ಅದು ಒಡೆದು ರೇಡಿಯಂ ಆಗುತ್ತೆ, ರೇಡಿಯಂ ಒಡೆದು ರೇಡಾನ್ ಅನಿಲ. ಬಿರುಕಿನಿಂದ ಮೇಲೆ ಬರುತ್ತೆ, ಫ್ಯಾನ್ ನಿಂತ್ರೆ ನೆಲಮಾಳಿಗೇಲೇ ತುಂಬ್ಕೊಳ್ಳುತ್ತೆ. ಇದನ್ನೆಲ್ಲ ನಾನು ನಿಮಗೆ ಹೇಳಬೇಕಾ?"

"ಬೇಡ," ಎಂದಳು ಅವಳು. "ನಾನೇ ಪ್ರತಿ ವರ್ಷ ತರಬೇತಿಗೆ ಬರೋರಿಗೆ ಪಾಠ ಮಾಡ್ತೀನಿ."

"ಹಾಗಾದ್ರೆ ಆಯ್ತಲ್ಲ. ಯಂತ್ರ ಸರಿ ಇದೆ, ಕಾರಣ ಸಿಕ್ತು. ಮುಖ ಯಾಕೆ ಹೀಗೆ ಮಾಡ್ಕೊಂಡಿದ್ದೀರಿ?"

ಎಣಿಕೆಯಮ್ಮ ಕಲ್ಲಿನ ಪೆಟ್ಟಿಗೆಯೊಂದರ ಮೇಲೆ ಕುಳಿತಳು.

"ವಾರದ ದಿನ ಕೊಲ್ಲಿಯ ಕಪ್ಪೆಚಿಪ್ಪು ಎಣಿಸ್ತೀವಿ, ಫ್ಯಾನ್ ಓಡ್ತಿರುತ್ತೆ. ರಜೆ ದಿನ ಖಾಲಿ ಡಬ್ಬಿ ಎಣಿಸ್ತೀವಿ, ಫ್ಯಾನ್ ನಿಂತಿರುತ್ತೆ. ಚಿಪ್ಪಿನ ಎಣಿಕೆಯಿಂದ ನಾವು ಕಳೀತಾ ಬಂದಿರೋದು ಇಡೀ ನೆಲಮಾಳಿಗೆಯ ರೇಡಾನ್‌ನ. ಚಿಪ್ಪಲ್ಲಿ ನಾವು ಹುಡುಕ್ತಿರೋದು ರೇಡಿಯಂ. ಅದು ಸೂಸೋ ಕಿರಣಾನೂ, ರೇಡಾನ್ ಸೂಸೋ ಕಿರಣಾನೂ ಒಂದೇ."

ಕಲ್ಲಣ್ಣ ತಮಾಷೆ ನಿಲ್ಲಿಸಿದ. "ಎಷ್ಟು ದಿನದಿಂದ?"

ಫ್ಯಾನನ್ನು ರಜೆಯಲ್ಲಿ ಆರಿಸುವ ಆದೇಶ ಏಳು ವರ್ಷ ಹಳೆಯದು ಎಂದು ಕಚೇರಿಯವರು ಮಧ್ಯಾಹ್ನ ತಿಳಿಸಿದರು. ಆ ವರ್ಷವೇ ಹೊಸ ಯಂತ್ರವೂ ಬಂದಿತ್ತು; ಖಾಲಿ ಡಬ್ಬಿಯ ಎಣಿಕೆ ಏರಿದ್ದನ್ನು ಹೊಸ ಯಂತ್ರದ ಗುಣ ಎಂದುಕೊಂಡಿದ್ದರು.

ಅವಳು ಎಣಿಸುತ್ತಿದ್ದುದು ನಗರದ ದಕ್ಷಿಣಕ್ಕಿರುವ ಕೊಲ್ಲಿಯ ಕಪ್ಪೆಚಿಪ್ಪುಗಳನ್ನು. ಹಗ್ಗಕ್ಕೆ ಅಂಟಿಕೊಂಡು ಗೊಂಚಲುಗೊಂಚಲಾಗಿ ಬೆಳೆಯುವ, ಕಪ್ಪು ಚಿಪ್ಪಿನ ಜೀವಿಗಳು. ನೀರನ್ನು ಸೋಸಿ ತಿನ್ನುವುದರಿಂದ ನೀರಿನಲ್ಲಿ ಏನಿದೆಯೋ ಅದೆಲ್ಲ ಅವುಗಳ ಮೈಗೆ ಸೇರುತ್ತದೆ. ಕೊಲ್ಲಿಯ ದಂಡೆಯಲ್ಲಿ ರಸಗೊಬ್ಬರ ಕಾರ್ಖಾನೆ ಇದೆ. ಗೊಬ್ಬರಕ್ಕೆ ಬಳಸುವ ಕಲ್ಲಿನಲ್ಲಿ ಸ್ವಲ್ಪ ರೇಡಿಯಂ ಇರುತ್ತದೆ; ಅರೆದು ಗೊಬ್ಬರ ತೆಗೆದ ಮೇಲೆ ಉಳಿಯುವ ಬಿಳಿ ತ್ಯಾಜ್ಯದಲ್ಲಿ ಅದು ಉಳಿದುಕೊಳ್ಳುತ್ತದೆ. ಒಂದು ಕಾಲಕ್ಕೆ ಆ ತ್ಯಾಜ್ಯದ ನೀರು ನೇರ ಕೊಲ್ಲಿಗೆ ಹರಿಯುತ್ತಿತ್ತು. ಆಗ ಕಪ್ಪೆಚಿಪ್ಪು ತೆಗೆಯುವುದನ್ನು ನಿಷೇಧಿಸಿದ್ದರು.

ಏಳು ವರ್ಷದ ಹಿಂದೆ ಕಾರ್ಖಾನೆಯವರು ತ್ಯಾಜ್ಯ ತಂಗುವ ದೊಡ್ಡ ತೊಟ್ಟಿ ಕಟ್ಟಿಸಿದರು. ಅದೇ ವರ್ಷ ಚಿಪ್ಪಿನ ರೇಡಿಯಂ ಸುರಕ್ಷತಾ ಮಿತಿಯ ಅರ್ಧಕ್ಕಿಂತ ಕೆಳಗೆ ಇಳಿಯಿತು. ತೊಟ್ಟಿ ಕೆಲಸ ಮಾಡಿತು ಎಂದು ಎಲ್ಲರೂ ಅಂದರು. ಹಾಗಾಗಲಿ ಎಂದು ಎಲ್ಲರೂ ಕಾಯುತ್ತಿದ್ದರು. ಕಾರ್ಖಾನೆಗೆ ಪ್ರಶಸ್ತಿ ಬಂತು. ನಿಷೇಧ ತೆಗೆದರು. ದಡದಲ್ಲಿ ಸಂಸ್ಥೆಯ ಹೆಸರಿನ ಫಲಕ ನಿಂತಿತು: ಈ ಕೊಲ್ಲಿಯ ಕಪ್ಪೆಚಿಪ್ಪು ಸೇವನೆಗೆ ಯೋಗ್ಯ.

ಆ ವರ್ಷ ಅವಳ ತಮ್ಮ ಹಡಗು ದುರಸ್ತಿ ಅಂಗಳದಲ್ಲಿ ವೆಲ್ಡರ್ ಆಗಿದ್ದ. ಹೊಗೆಗೆ ಕಣ್ಣು ಉರಿಯುತ್ತಿತ್ತು. ಕೊಲ್ಲಿಯಲ್ಲಿ ಹಗ್ಗ ಇಳಿಬಿಟ್ಟು ಚಿಪ್ಪು ಬೆಳೆಸಿದರೆ ಹೇಗೆ ಎಂದು ಅಕ್ಕನನ್ನು ಕೇಳಲು ಬಂದಿದ್ದ. ಜೊತೆಗೆ ಹೆಂಡತಿ, ಅವಳ ಸೊಂಟದ ಮೇಲೆ ಒಂದು ವರ್ಷದ ಮಗಳು.

"ನಿಜವಾಗಿ ಸರಿ ಇದೆಯಾ ಅಕ್ಕ? ಬೋರ್ಡ್ ಹೇಳೋದು ಬೇಡ. ನೀನು ಹೇಳು."

"ನಾನೇ ಎಣಿಸಿದ್ದೀನಿ ಕಣೋ," ಎಂದಿದ್ದಳು. ಅವನು ಬೇರೆ ಯಾರನ್ನೂ ಕೇಳಲಿಲ್ಲ.

ಆ ವಾರ ಎಣಿಕೆಯಮ್ಮ ಮಾದರಿಗಳನ್ನೆಲ್ಲ ಬದಿಗಿಟ್ಟಳು. ಫ್ಯಾನ್ ಓಡಿಸಿ ಖಾಲಿ ಡಬ್ಬಿ ಎಣಿಸಿದಳು. ಫ್ಯಾನ್ ಆರಿಸಿ ಎಣಿಸಿದಳು. ಮತ್ತೆ ಓಡಿಸಿ ಎಣಿಸಿದಳು. ಅನುಮಾನಕ್ಕೆ ಎಡೆ ಉಳಿಯಲಿಲ್ಲ. ಏಳು ವರ್ಷದ ಮೂಲ ಎಣಿಕೆಗಳು ಕಂಪ್ಯೂಟರಿನಲ್ಲಿ ಹಾಗೇ ಇದ್ದವು. ಸರಿಯಾದ ಅಂಕಿಯನ್ನು ಕಳೆದರೆ ಸಾಕಿತ್ತು. ಕಳೆದಳು. ಏಳರಲ್ಲಿ ಒಂದು ವರ್ಷವೂ ಮಿತಿಯೊಳಗೆ ಬರಲಿಲ್ಲ. ಕಳೆದ ವರ್ಷದ್ದು ಮಿತಿಯ ಎರಡರಷ್ಟಕ್ಕೂ ಮೇಲಿತ್ತು. ತೊಟ್ಟಿಯಿಂದ ಏನೂ ಆಗಿರಲಿಲ್ಲ.

ಮಿತಿ ಮೀರಿದ್ದನ್ನು ತಿಂದವರು ಮರುದಿನ ಹಾಸಿಗೆ ಹಿಡಿಯುವುದಿಲ್ಲ. ಮಿತಿ ಇಡುವುದು ಇಡೀ ಜೀವಮಾನದ ಲೆಕ್ಕ ಹಾಕಿ, ಅಪಾಯ ಅತಿ ಸಣ್ಣದಾಗಿರಲಿ ಎಂದು. ಆದರೆ ಆ ಲೆಕ್ಕ ವಾರಕ್ಕೊಮ್ಮೆ ತಿನ್ನುವ ದೊಡ್ಡವರದ್ದು. ದಿನವೂ ತಿನ್ನುವ ಮನೆಗಳು ಬೇರೆ. ಮಕ್ಕಳು ಇನ್ನೂ ಬೇರೆ. ಬೆಳೆಯುವ ಮೂಳೆಗೆ ಸುಣ್ಣ ಬೇಕು; ರೇಡಿಯಂ ಸುಣ್ಣದ ವೇಷದಲ್ಲೇ ಒಳಗೆ ಹೋಗುತ್ತದೆ, ಹೋದದ್ದರಲ್ಲಿ ಒಂದು ಪಾಲು ಅಲ್ಲೇ ಬೀಡುಬಿಡುತ್ತದೆ.

ಶುಕ್ರವಾರ ನಿರ್ದೇಶಕರ ಕೋಣೆಯಲ್ಲಿ ನಾಲ್ವರು ಸೇರಿದರು: ನಿರ್ದೇಶಕರು, ಎಣಿಕೆಯಮ್ಮ, ಕಲ್ಲಣ್ಣ, ಆರೋಗ್ಯ ವಿಭಾಗದ ಡಾಕ್ಟರಮ್ಮ. ನಿರ್ದೇಶಕರು ಕೆಟ್ಟವರೇನಲ್ಲ. ಎಲ್ಲವನ್ನೂ ಕೊನೆಯವರೆಗೆ ಕೇಳಿಸಿಕೊಂಡರು. ಎರಡು ಪ್ರಶ್ನೆ ಕೇಳಿದರು, ಎರಡೂ ಸರಿಯಾದ ಪ್ರಶ್ನೆಗಳೇ. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿದರು.

"ನಿಮ್ಮ ಸಮೀಕ್ಷೆ ಇದೆಯಲ್ಲ? ಕೊಲ್ಲಿ ಜನರ ಆರೋಗ್ಯ ಚೆನ್ನಾಗಿದೆ ಅಂತ ತಾನೇ ಬಂದಿರೋದು? ಅದೊಂದು ಸಮಾಧಾನ."

ಡಾಕ್ಟರಮ್ಮ ಕೈಯಲ್ಲಿದ್ದ ಕಡತವನ್ನು ಮುಚ್ಚಿಟ್ಟಳು.

"ನಮ್ಮ ಸಮೀಕ್ಷೆ ಬೆಟ್ಟದ ಮೇಲಿನ ಕಲ್ಲುಗಣಿ ಊರಿನದು ಸಾರ್," ಎಂದಳು. "ಅವರ ಮನೆಗಳಲ್ಲಿ ರೇಡಾನ್ ಜಾಸ್ತಿ ಅಂತ. ಅವರನ್ನ ಹೋಲಿಸೋಕೆ ವಿಕಿರಣ ಸೋಕದ ಒಂದು ಊರು ಬೇಕಿತ್ತು."

"ಹೂಂ."

"ಕೊಲ್ಲಿಯವರನ್ನ ಇಟ್ಕೊಂಡ್ವಿ. ಚಿಪ್ಪು ಶುದ್ಧ ಅಂತ ಇವರೇ ಅಂಕಿ ಕೊಟ್ಟಿದ್ರಲ್ಲ."

ನಿರ್ದೇಶಕರು ಪೆನ್ನು ಕೆಳಗಿಟ್ಟರು.

"ಎರಡೂ ಊರಿನ ನಡುವೆ ವ್ಯತ್ಯಾಸ ಇಲ್ಲ ಅಂತ ಬರೆದ್ವಿ," ಡಾಕ್ಟರಮ್ಮ ಹೇಳಿದಳು. "ಇಬ್ಬರೂ ಮಳೇಲಿ ನೆನೆದು ನಿಂತಿದ್ರೆ ವ್ಯತ್ಯಾಸ ಎಲ್ಲಿಂದ ಕಾಣುತ್ತೆ ಸಾರ್?"

"ಮತ್ತೆ ಮಾಡೋಕಾಗಲ್ವಾ? ಮೊದಲಿಂದ?"

"ಯಾರ ಜೊತೆ ಹೋಲಿಸ್ಲಿ? ಶುರುವಿನ ರಕ್ತದ ಮಾದರಿ ಖರ್ಚಾಗಿ ಹೋಗಿದೆ. ವಯಸ್ಸಾದವರು ಕೆಲವರು ಹೋಗ್ಬಿಟ್ರು, ಯಾವುದರಿಂದ ಹೋದ್ರು ಅಂತ ಯಾರೂ ನೋಡಿಲ್ಲ. ನೋಡೋ ಅಗತ್ಯ ಇಲ್ಲ ಅಂದ್ಕೊಂಡಿದ್ವಿ."

ಕಲ್ಲಣ್ಣ ಕಿಟಕಿಯ ಕಡೆ ನೋಡುತ್ತ, "ಫ್ಯಾನ್ ಆರಿಸ್ತಾರೆ ಅನ್ನೋದು ನನಗೆ ಗೊತ್ತಿತ್ತು," ಎಂದ. "ಭಾನುವಾರ ಡಬ್ಬಿ ಎಣಿಸ್ತಾರೆ ಅನ್ನೋದು ಗೊತ್ತಿರಲಿಲ್ಲ. ನಾಲ್ಕು ವಿಭಾಗ, ಒಂದೇ ಮೆಟ್ಟಿಲು."

ನಿರ್ದೇಶಕರು ವಿಷಯವನ್ನು ಮೇಲಿನ ಸಮಿತಿಗೆ ಕಳಿಸುವುದಾಗಿ ಹೇಳಿದರು. ಅಲ್ಲಿಯವರೆಗೆ ಯಾರ ಹತ್ತಿರವೂ ಬಾಯಿ ಬಿಡಬಾರದು.

"ನನ್ನ ತಮ್ಮ ಅಲ್ಲಿದ್ದಾನೆ ಸಾರ್," ಎಂದಳು ಎಣಿಕೆಯಮ್ಮ.

"ಗೊತ್ತು. ಅದಕ್ಕೇ ನಿಮಗೆ ಎರಡು ಸಲ ಹೇಳ್ತಿರೋದು. ತಮ್ಮನಿಗೆ ಮಾತ್ರ ಹೇಳಿದ್ರೆ ಉಳಿದವರಿಗೆ ಅನ್ಯಾಯ. ಎಲ್ಲರಿಗೂ ಹೇಳಿದ್ರೆ ನಾಳೆ ಅಂಕಿ ಬದಲಾದ್ರೆ ಯಾರು ಜವಾಬು ಕೊಡೋದು?"

"ಅಂಕಿ ಬದಲಾಗಲ್ಲ."

"ಏಳು ವರ್ಷದ ಹಿಂದೆಯೂ ನೀವು ಹಾಗೇ ಅಂದಿದ್ರಿ," ಎಂದರು ನಿರ್ದೇಶಕರು. ಚುಚ್ಚಲು ಹೇಳಿದ ಮಾತಲ್ಲ. ಇದ್ದದ್ದನ್ನು ಹೇಳಿದರು.

ಶನಿವಾರ ಮಧ್ಯಾಹ್ನ ಅವಳು ಬಸ್ಸು ಹಿಡಿದು ಕೊಲ್ಲಿಗೆ ಹೋದಳು.

ತಮ್ಮನ ಮನೆ ನೀರಿನ ಅಂಚಿನಲ್ಲೇ ಇತ್ತು. ಮುಂದೆ ತಗಡಿನ ಚಪ್ಪರ. ಅದರ ಕೆಳಗೆ ಅವನೂ ಹೆಂಡತಿಯೂ ರಬ್ಬರಿನ ಕೈಗವಸು ತೊಟ್ಟು, ನೀರಿಂದ ಎಳೆದ ಹಗ್ಗದಿಂದ ಚಿಪ್ಪುಗಳನ್ನು ಬಿಡಿಸುತ್ತಿದ್ದರು. ಒದ್ದೆ ಹಗ್ಗ, ಪಾಚಿ, ಡೀಸೆಲ್ಲಿನ ವಾಸನೆ. ಕೊಲ್ಲಿಯ ಆಚೆ ಬದಿಯಲ್ಲಿ ಕಾರ್ಖಾನೆಯ ತ್ಯಾಜ್ಯದ ಗುಡ್ಡ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು.

"ಏನಕ್ಕಾ ದಾರಿ ತಪ್ಪಿ ಬಂದ್ಯಾ?" ತಮ್ಮ ಕೂಗಿದ. "ಬಿಸಿಲು ಹೇಗಿರುತ್ತೆ ಅಂತ ನೋಡೋಕೆ?"

"ಬನ್ನಿ ಅತ್ತಿಗೆ," ಹೆಂಡತಿ ಕೈಗವಸು ಕಳಚಿದಳು. "ಇವರ ಮಾತು ಬಿಡಿ. ಬೆಳಗಿಂದ ಬಾಯಿಗೆ ಬಿಡುವಿಲ್ಲ, ಕೈಗೆ ಮಾತ್ರ ಬಿಡುವೋ ಬಿಡುವು."

ಮಗಳು ಪುಟ್ಟಿ ಬಾಗಿಲ ಮೆಟ್ಟಿಲ ಮೇಲೆ ಕುಳಿತು ಬೇಯಿಸಿದ ಚಿಪ್ಪು ತಿನ್ನುತ್ತಿದ್ದಳು. ಎಂಟು ವರ್ಷದ ಹುಡುಗಿ. ಖಾಲಿ ಚಿಪ್ಪುಗಳನ್ನು ಪಕ್ಕದಲ್ಲಿ ಸಾಲಾಗಿ ಜೋಡಿಸಿದ್ದಳು.

"ಅತ್ತೆ, ಇವತ್ತು ನಾನು ಎಷ್ಟು ತಿಂದೆ ಹೇಳು ನೋಡೋಣ? ಎಣಿಸದೆ ಹೇಳ್ಬೇಕು."

"ಪುಟ್ಟಿ, ಸಾಕು ಮಾಡು," ಎಂದಳು ಎಣಿಕೆಯಮ್ಮ. ದನಿ ಬೇಕಾದ್ದಕ್ಕಿಂತ ಗಟ್ಟಿಯಾಗಿತ್ತು. "ತಟ್ಟೆ ಕೆಳಗಿಡು."

ಹುಡುಗಿ ಅಪ್ಪನ ಮುಖ ನೋಡಿದಳು. ತಮ್ಮ ಅಕ್ಕನ ಮುಖ ನೋಡಿದ. ಕೈ ಒರೆಸಿಕೊಂಡು ಎದ್ದು, "ನಡಿ, ದಕ್ಕೆ ಕಡೆ ಹೋಗೋಣ," ಎಂದ.

ದೋಣಿ ಕಟ್ಟುವ ಮರದ ದಕ್ಕೆಯ ತುದಿಯಲ್ಲಿ ನಿಂತು ಅವಳು ಎಲ್ಲವನ್ನೂ ಹೇಳಿದಳು. ಫ್ಯಾನು, ಖಾಲಿ ಡಬ್ಬಿ, ರಜೆಯ ದಿನಗಳು.

"ನೀನೇ ಎಣಿಸಿದ್ದೆ," ಎಂದ ಆಮೇಲೆ.

"ಎಣಿಸಿದ್ದು ಸರಿ ಇತ್ತು. ಕಳೆದದ್ದು ತಪ್ಪಾಯ್ತು."

"ಕಳೆಯೋ ಲೆಕ್ಕನಾ?" ಅವನು ನಕ್ಕುಬಿಟ್ಟ. "ಮೂರನೇ ಕ್ಲಾಸಲ್ಲಿ ನನ್ನ ಕಿವಿ ಹಿಂಡಿ ಕಳೆಯೋ ಲೆಕ್ಕ ಕಲಿಸಿದವಳು ನೀನು."

ಅವನ ನಗು ತಾನಾಗಿ ನಿಂತಿತು.

"ನನ್ನದಿರಲಿ. ಪುಟ್ಟಿಗೆ?"

"ಗೊತ್ತಿಲ್ಲ ಕಣೋ."

"ಗೊತ್ತಿಲ್ಲ ಅಂದ್ರೆ? ಮೈಯೊಳಗೆ ಎಷ್ಟಿದೆ ಅಂತ ಅಳೆಯೋ ಯಂತ್ರ ಇದೆ ಅಂತ ನೀನೇ ಒಂದ್ಸಲ ಹೇಳಿದ್ದೆ. ಮಲಗಿಸಿ ನೋಡೋದು."

"ಇದೆ. ಆದರೆ ಅದಕ್ಕೆ ಇಷ್ಟು ಸಣ್ಣದು..."

"ಸೋಮವಾರ ಕರ್ಕೊಂಡ್ ಬರ್ತೀನಿ," ಎಂದ. ಅವಳ ಮಾತು ಮುಗಿಯುವವರೆಗೆ ಅವನು ಕಾಯಲಿಲ್ಲ.

ಮೈ ಅಳೆಯುವ ಯಂತ್ರ ಸಂಸ್ಥೆಯ ಹಿಂಬದಿಯ ಕಟ್ಟಡದಲ್ಲಿತ್ತು. ಹೊರಗಿನ ವಿಕಿರಣ ಒಳಬರದಂತೆ ಹಳೆಯ ಹಡಗಿನ ದಪ್ಪ ಉಕ್ಕಿನ ಹಾಳೆಗಳಿಂದ ಮಾಡಿದ ಸಣ್ಣ ಕೋಣೆ, ಒಳಗೊಂದು ಕಿರಿದಾದ ಮಂಚ. ಪುಟ್ಟಿಯ ಬೂಟು, ಹೇರ್‌ಪಿನ್ನು, ಬೆಲ್ಟು ಬಿಚ್ಚಿಸಿ, ತೊಳೆದ ಹತ್ತಿಯ ನಿಲುವಂಗಿ ಹಾಕಿಸಿದರು. ಎಣಿಕೆಯಮ್ಮ ಅಲ್ಲಿನ ಫ್ಯಾನ್ ಓಡುತ್ತಿದೆಯೇ ಎಂದು ತಾನೇ ಹೋಗಿ ನೋಡಿ ಬಂದಳು. ಖಾಲಿ ಮಂಚವನ್ನು ಮೊದಲು ಒಮ್ಮೆ ಎಣಿಸಿದಳು.

"ಅಲುಗಾಡಬಾರದಾ ಅತ್ತೆ?"

"ಆದಷ್ಟು."

"ಮೂಗು ಕೆರೀಬಹುದಾ?"

"ಮೂಗಿಗೆ ರಿಯಾಯಿತಿ ಇದೆ."

ಪುಟ್ಟಿ ಒಳಗೆ ಮಲಗಿ ಶಾಲೆಯ ಪದ್ಯ ಹೇಳಿಕೊಂಡಳು, ಆಮೇಲೆ ನಿದ್ದೆ ಹೋದಳು. ಹೊರಗಿನ ಬೆಂಚಿನ ಮೇಲೆ ತಮ್ಮ, ಅವನ ಹೆಂಡತಿ ಕುಳಿತಿದ್ದರು. ಹೆಂಡತಿ ಮಗಳ ಹೇರ್‌ಪಿನ್ನುಗಳನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದಳು.

ಮುಗಿದ ಮೇಲೆ ಖಾಲಿ ಮಂಚವನ್ನು ಇನ್ನೊಮ್ಮೆ ಎಣಿಸಿ, ಕಳೆದು, ಎಣಿಕೆಯಮ್ಮ ಹೊರಗೆ ಬಂದಳು. ಅವಳ ಹಿಂದೆ ಡಾಕ್ಟರಮ್ಮ.

"ಯಂತ್ರಕ್ಕೆ ಏನೂ ಕಾಣಲಿಲ್ಲ," ಎಂದಳು ಎಣಿಕೆಯಮ್ಮ.

ತಮ್ಮನ ಹೆಂಡತಿ ಎದ್ದು ನಿಂತು ಕಣ್ಣೊರೆಸಿಕೊಂಡಳು. "ಅಂದ್ರೆ ಏನೂ ಇಲ್ಲ. ಅಲ್ವಾ ಅತ್ತಿಗೆ? ನಾನು ಹೇಳಲಿಲ್ವಾ ಇವರಿಗೆ, ಮಗು ಗುಂಡುಗುಂಡಾಗಿದೆ ಅಂತ."

ಇಲ್ಲಿಗೆ ಬಿಟ್ಟುಬಿಡಬಹುದಿತ್ತು. ಡಾಕ್ಟರಮ್ಮ ಆಮೇಲೆ ಕಲ್ಲಣ್ಣನ ಹತ್ತಿರ ಹಾಗೆಯೇ ಹೇಳಿದಳು: ಆ ಕ್ಷಣ ನಾನಾಗಿದ್ದರೆ ಹೂಂ ಅಂದುಬಿಡುತ್ತಿದ್ದೆ. ಆದರೆ ಒಂದು ಸಲ ಸರಿ ಇದೆ ಎಂದು ಹೇಳಿ ತಪ್ಪಿದ್ದವಳು ಎಣಿಕೆಯಮ್ಮ.

"ಇಲ್ಲ ಅಂತ ಅಲ್ಲಮ್ಮ," ಎಂದಳು. "ಕಾಣಲಿಲ್ಲ ಅಂತ. ಇದು ಕಾರ್ಖಾನೆ ಕೆಲಸದವರಿಗೆ ಅಂತ ಮಾಡಿದ ಯಂತ್ರ. ತುಂಬಾ ಹೋಗಿದ್ರೆ ಮಾತ್ರ ತೋರಿಸುತ್ತೆ. ಇಷ್ಟು ವರ್ಷ ದಿನಾ ಚಿಪ್ಪು ತಿಂದ ಮಗುವಿನ ಮೈಯಲ್ಲಿ ಇರಬಹುದಾದದ್ದು ಅದಕ್ಕಿಂತ ಎಷ್ಟೋ ಕಡಿಮೆ. ಅಷ್ಟು ಇದ್ದರೂ ಇದಕ್ಕೆ ಕಾಣಲ್ಲ, ಇಲ್ಲದಿದ್ದರೂ ಕಾಣಲ್ಲ."

"ಹಾಗಾದ್ರೆ ಮಲಗಿಸಿದ್ದು ಯಾಕೆ?" ತಮ್ಮ ಕೇಳಿದ.

"ನೀನು ಕೇಳಿದೆ ಅಂತ."

"ಔಷಧಿ?"

ಡಾಕ್ಟರಮ್ಮ ಮುಂದೆ ಬಂದಳು. "ಇದಕ್ಕೆ ಕೊಡೋ ಔಷಧಿ ಇಲ್ಲ. ತಿನ್ನೋದು ನಿಲ್ಲಿಸಬೇಕು, ಅಷ್ಟೆ. ಸ್ವಲ್ಪ ಸ್ವಲ್ಪ ತಾನೇ ಇಳಿಯುತ್ತೆ. ಮೂಳೆಗೆ ಹೋದದ್ದು ಇಳಿಯೋದು ನಿಧಾನ. ನೂರಕ್ಕೆ ತೊಂಬತ್ತೊಂಬತ್ತು ಏನೂ ಆಗಲ್ಲ."

"ಉಳಿದ ಒಂದು?"

"ಅದು ಆದ್ರೂ ಇದರಿಂದಲೇ ಆಯ್ತು ಅಂತ ಯಾರೂ ಹೇಳೋಕಾಗಲ್ಲ. ಆಗದಿದ್ರೂ ಅಷ್ಟೆ."

ತಮ್ಮ ನೆಲದ ಕಡೆ ನೋಡಿದ. ಒಳಗಿನಿಂದ ಪುಟ್ಟಿ, "ಇನ್ನೂ ಮಲಗಿರ್ಬೇಕಾ?" ಎಂದು ಕೂಗಿದಳು. ತಾಯಿ ಓಡಿದಳು.

"ಬೈತೀಯೇನೋ ಅಂತ ಬೆಳಗಿಂದ ಕಾಯ್ತಿದ್ದೀನಿ," ಎಂದಳು ಎಣಿಕೆಯಮ್ಮ.

"ಬೈದು ಏನು ಮಾಡ್ಲಿ? ಬೇಕು ಅಂತ ಮಾಡಿದ್ಯಾ?" ಅವನು ತಲೆ ಎತ್ತಲಿಲ್ಲ. "ಚಿಕ್ಕಂದಿನಿಂದ ಏನಿದ್ರೂ ನಿನ್ನ ಕೇಳಿ ಮಾಡಿದೆ. ಈ ಹುಡುಗೀನ ಮದುವೆ ಆಗಲಾ ಅಂತಾನೂ ನಿನ್ನನ್ನೇ ಕೇಳಿದ್ದು. ಇನ್ಮೇಲೆ ಯಾರನ್ನ ಕೇಳಲಿ ಅಕ್ಕ?"

ಪುಟ್ಟಿ ಹೊರಗೆ ಬಂದು ಕಾಲು ಚಾಚಿದಳು. ಎಣಿಕೆಯಮ್ಮ ಬಗ್ಗಿ ಬೂಟು ಹಾಕಲು ಹೋದಳು. ತಮ್ಮ ಬೂಟನ್ನು ಅವಳ ಕೈಯಿಂದ ತೆಗೆದುಕೊಂಡು ತಾನೇ ಹಾಕಿದ.

ಸಮಿತಿಯ ಉತ್ತರಕ್ಕೆ ಎರಡು ತಿಂಗಳು ಹಿಡಿಯಿತು. ಎಣಿಕೆಯ ಪದ್ಧತಿಯಲ್ಲಿ ದೋಷ ಇದ್ದಿರಬಹುದು ಎಂದು ಸಮಿತಿ ಒಪ್ಪಿತು. ಆದರೆ ಕೊಲ್ಲಿಯನ್ನು ಮುಚ್ಚುವ ಮುನ್ನ ಎಲ್ಲ ಋತುಗಳಲ್ಲೂ ಹೊಸ ಮಾದರಿ ತೆಗೆದು, ಬೇರೊಂದು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಅದಕ್ಕೆ ಒಂದು ವರ್ಷ ಬೇಕು. ಅಲ್ಲಿಯವರೆಗೆ ಈಗಿರುವ ಆದೇಶವೇ ಜಾರಿಯಲ್ಲಿರುತ್ತದೆ. ವಿಜ್ಞಾನದ ದೃಷ್ಟಿಯಿಂದ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಬೇರೆಯವರ ಅಂಕಿಯ ವಿಷಯದಲ್ಲಿ ಎಣಿಕೆಯಮ್ಮನೇ ಇಂಥ ಸಲಹೆಯನ್ನು ಎಷ್ಟೋ ಸಲ ಕೊಟ್ಟಿದ್ದಳು.

"ಫಲಕವನ್ನಾದ್ರೂ ತೆಗೆಸಿ ಸಾರ್," ಎಂದಳು ನಿರ್ದೇಶಕರಿಗೆ.

"ನಿಲ್ಲಿಸಿದ್ದು ಸಮಿತಿ. ತೆಗೆಯೋಕೂ ಸಮಿತಿ ಬೇಕು."

ಆ ಸಂಜೆ ಅವಳು ಒಬ್ಬ ವರದಿಗಾರನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಸುದ್ದಿ ಒಳಪುಟದಲ್ಲಿ ಬಂತು. ಅವಳ ಮಾತು ಸರಿಯಾಗಿಯೇ ಅಚ್ಚಾಗಿತ್ತು. ಅದರ ಕೆಳಗೆ ಕಾರ್ಖಾನೆಯ ಹೇಳಿಕೆ: ತೊಟ್ಟಿ ಉತ್ತಮವಾಗಿ ಕೆಲಸ ಮಾಡುತ್ತಿದೆ. ಅದರ ಕೆಳಗೆ ಸಂಸ್ಥೆಯ ಹೇಳಿಕೆ: ವಿಷಯ ಪರಿಶೀಲನೆಯಲ್ಲಿದೆ. ಮೂರನ್ನೂ ಓದಿದವನಿಗೆ ಯಾವುದು ನಿಜ ಎಂದು ತಿಳಿಯುವಂತಿರಲಿಲ್ಲ. ಅನುಮತಿಯಿಲ್ಲದೆ ಮಾತಾಡಿದ್ದಕ್ಕೆ ಅವಳನ್ನು ಮಾಪನ ಕೋಣೆಯಿಂದ ಗ್ರಂಥಾಲಯದ ಕೆಲಸಕ್ಕೆ ಹಾಕಿದರು.

ಕೊಲ್ಲಿಯಲ್ಲಿ ಅವಳ ತಮ್ಮ ಮನೆಮನೆಗೆ ಹೋಗಿ ಹೇಳಿದ. ಎಲ್ಲ ಮನೆಯವರೂ ಕೂರಿಸಿ ಮಾತಾಡಿಸಿದರು. ಪಕ್ಕದ ದೋಣಿಯ ಯಜಮಾನ, ಇವನಿಗೆ ಹಗ್ಗ ಕಟ್ಟುವುದನ್ನು ಕಲಿಸಿದವನು, ಎಲ್ಲರ ಪರವಾಗಿ ಎಂಬಂತೆ ಉತ್ತರಿಸಿದ.

"ನೋಡಪ್ಪ, ನಿಮ್ಮಕ್ಕ ಏಳು ವರ್ಷದ ಹಿಂದೆ ಒಳ್ಳೇದು ಅಂದ್ಲು, ತಿಂದ್ವಿ. ಈಗ ಕೆಟ್ಟದ್ದು ಅಂತಾಳೆ. ಮುಂದಿನ ವರ್ಷ ಏನಂತಾಳೋ ಕೇಳ್ಕೊಂಡು ಆಮೇಲೆ ನೋಡೋಣ ಬಿಡು."

"ಮಕ್ಕಳಿಗಾದ್ರೂ ಕೊಡಬೇಡಿ ಯಜಮಾನ್ರೇ."

"ಮತ್ತೇನು ಕೊಡ್ಲಿ? ಹಗ್ಗಾನಾ?"

ಸುತ್ತ ನಿಂತವರು ನಕ್ಕರು. ತಮ್ಮನೂ ನಕ್ಕ, ಅಭ್ಯಾಸಬಲದಿಂದ.

ಆ ತಿಂಗಳ ಕೊನೆಯಲ್ಲಿ ಅವನು ಹಡಗು ಅಂಗಳದ ಕೆಲಸಕ್ಕೆ ವಾಪಸಾದ. ಹೆಂಡತಿ, ಮಗಳೊಂದಿಗೆ ಅಂಗಳದ ಹತ್ತಿರದ ಬಾಡಿಗೆ ಕೋಣೆಗೆ ಹೋದ. ಅಕ್ಕನಿಗೆ ಆ ಕೋಣೆಯ ವಿಳಾಸವನ್ನು ತಮ್ಮನ ಹೆಂಡತಿ ಫೋನಿನಲ್ಲಿ ಹೇಳಿದಳು, ಅವನು ಮಾತಾಡಲಿಲ್ಲ. ಹಗ್ಗಗಳನ್ನು ಕತ್ತರಿಸಿ ನೀರಿಗೆ ಬಿಡಬೇಕೆಂದು ಹೊರಡುವ ದಿನ ದೋಣಿ ಇಳಿಸಿದ್ದ, ಗಾಳಿ ಜೋರಾಗಿದ್ದರಿಂದ ಅರ್ಧಕ್ಕೇ ಹಿಂತಿರುಗಿದ್ದ.

ಎರಡು ದಿನದ ಮೇಲೆ ಗಾಳಿ ನಿಂತಿತು. ಬೆಳಗ್ಗೆ ಪಕ್ಕದ ದೋಣಿಯವರು ಅವನ ಹಗ್ಗಗಳನ್ನೆಲ್ಲ ಎಳೆದು ಚಿಪ್ಪು ಬಿಡಿಸಿಕೊಂಡರು. ಬೆಳೆ ಆ ವರ್ಷ ಚೆನ್ನಾಗಿತ್ತು. ಮಧ್ಯಾಹ್ನದೊಳಗೆ ಎಲ್ಲವೂ ನಗರದ ಮಾರುಕಟ್ಟೆಯಲ್ಲಿ ಮಾರಾಟವಾಯಿತು.